ಥಾಯ್ಲೆಂಡಿನಲ್ಲಿ ಪುಟ್ಟ ಮಕ್ಕಳ ಟೀಚರ್ ಕೆಲಸ: ಹೋಗಿ ಬಂದವರು ಯಾರಾದರೂ ಇದ್ದೀರಾ?

ಬ್ರಹ್ಮಾವರದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ 5 ವರ್ಷದಿಂದ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಟೀಚರ್. ವಯಸ್ಸು 28. ಬಿ.ಎ. ಮುಗಿಸಿ ಮಾಂಟೆಸ್ಸರಿ ಡಿಪ್ಲೊಮಾ ಮಾಡಿದ್ದೇನೆ. ಈಗ ಥಾಯ್ಲೆಂಡಿನ ಒಂದು ಶಾಲೆಯಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಗುವ ಹಾಗೆ ಉಂಟು. ನವೆಂಬರ್‌ನಲ್ಲಿ ಎರಡನೇ ಅವಧಿ ಶುರುವಾಗುತ್ತದಂತೆ, ಅಷ್ಟರೊಳಗೆ ಬರಬೇಕು ಅಂತ ಹೇಳಿದ್ದಾರೆ. ಸಂಬಳ 22 ಸಾವಿರ ಬಾತ್.

ಇದು ಬಂದದ್ದು ಮಂಗಳೂರಿನ ಒಬ್ಬರು ಏಜೆಂಟ್ ಮೂಲಕ. ಅವರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಈಗ ಪ್ರವಾಸಿಯಾಗಿ ಹೋಗಿ, ಕೆಲಸಕ್ಕೆ ಸೇರಿಕೊಳ್ಳಿ, ಆಮೇಲೆ ಶಾಲೆಯವರು ಕಾಗದಪತ್ರ ಸರಿ ಮಾಡಿಸುತ್ತಾರೆ ಅಂತಾರೆ. ಇದು ಸರಿಯಾ? ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮನ ಬಳೆ ಅಡವಿಟ್ಟು ಹೋಗುವುದು ಅಂದರೆ ಎರಡು ಸಲ ಯೋಚನೆ ಮಾಡಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು ಉಂಟು. ನನಗೆ ಥಾಯ್ ಭಾಷೆ ಒಂದು ಅಕ್ಷರ ಬರುವುದಿಲ್ಲ. ದೊಡ್ಡ ಮಕ್ಕಳಾದರೆ ಹೇಗೋ ಆಗುತ್ತದೆ. ಮೂರು ವರ್ಷದ ಮಗು ಹೊಟ್ಟೆ ನೋವು ಅಂತ ಅತ್ತರೆ, ಅದು ಎಂತ ಹೇಳುತ್ತಾ ಉಂಟು ಅಂತಲೇ ಗೊತ್ತಾಗದಿದ್ದರೆ ನಾನು ಎಂತ ಟೀಚರ್? ಗೊತ್ತಿದ್ದವರು ದಯವಿಟ್ಟು ಹೇಳಿ. ಊಟ, ಮನೆ, ಶಾಲೆಯ ದಿನ ಹೇಗಿರುತ್ತದೆ, ಎಲ್ಲ ಹೇಳಿ. ಸಸ್ಯಾಹಾರಿ ನಾನು.

ಸುರತ್ಕಲ್ ಕಡಲು:

ತಂಗಿ, ಮೊದಲು ದುಡ್ಡಿನ ವಿಷಯ. ಒಂದು ರೂಪಾಯಿಯೂ ಕೊಡಬೇಡ. ನಮ್ಮ ದೇಶದಿಂದ ಹೊರಗೆ ಕೆಲಸಕ್ಕೆ ಕಳಿಸುವ ಏಜೆಂಟ್‌ಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಇ-ಮೈಗ್ರೇಟ್ ಅಂತ ಸರ್ಕಾರದ ಪೋರ್ಟಲ್ ಉಂಟು, ಅದರಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಸಿಗುತ್ತದೆ. ಇವರ ಹೆಸರು ಅದರಲ್ಲಿ ಉಂಟಾ ನೋಡು. ಇನ್ನೊಂದು, ಅವರು ತೆಗೆದುಕೊಳ್ಳುವ ಸೇವಾ ಶುಲ್ಕಕ್ಕೆ ನಿಯಮದಲ್ಲಿ 30,000 ರೂಪಾಯಿಯ ಮಿತಿ ಉಂಟು, ಅದರ ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷ ಯಾವ ಲೆಕ್ಕದಲ್ಲಿ ಅಂತ ಬರವಣಿಗೆಯಲ್ಲಿ ಕೇಳು.

ನನ್ನ ಚಿಕ್ಕಮ್ಮನ ಮಗ 2022ರಲ್ಲಿ ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ ಅಂತ ನಂಬಿ ಹೋದ. ಅವನಿಗೂ ಹೇಳಿದ್ದು ಇದೇ ಮಾತು, ಪ್ರವಾಸಿಯಾಗಿ ಬಾ, ಆಮೇಲೆ ಸರಿ ಮಾಡಿಸುತ್ತೇವೆ ಅಂತ. ಏರ್‌ಪೋರ್ಟಿನಿಂದ ಕಾರಿನಲ್ಲಿ ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಕರೆದುಕೊಂಡು ಹೋದರು. ಆನ್‌ಲೈನ್ ಮೋಸದ ಕೆಲಸ ಮಾಡಿಸುವ ಜಾಗ ಅದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಆದರೆ ನಮ್ಮ ಮನೆಗೆ ಅದು ತಲುಪುವಾಗ ಅವನು ಹೋಗಿ ಆಗಿತ್ತು. ನಾಲ್ಕು ತಿಂಗಳು ಚಿಕ್ಕಮ್ಮ ಸರಿಯಾಗಿ ಊಟ ಮಾಡಲಿಲ್ಲ. ದೇವರ ದಯೆ, ವಾಪಸ್ ಬಂದ.

ಎಲ್ಲ ಟೀಚರ್ ಕೆಲಸವೂ ಹಾಗೆ ಅಂತ ನಾನು ಹೇಳುವುದಿಲ್ಲ. ಆದರೆ ಶಾಲೆಯ ಹೆಸರು, ಊರು, ಮುಖ್ಯೋಪಾಧ್ಯಾಯರ ಮೇಲ್, ಇಷ್ಟು ಸಿಗದೆ ಹೊರಡಬೇಡ. ಶಾಲೆಗೆ ನೀನೇ ನೇರವಾಗಿ ಬರೆ. ವಿಡಿಯೋದಲ್ಲಿ ಕ್ಲಾಸು ತೋರಿಸಲು ಹೇಳು.

ಬಿಜೈ ಅಕ್ಕ:

ನಾನು 2017ರ ಮೇ ತಿಂಗಳಿನಿಂದ 2020ರ ಮಾರ್ಚ್ ತನಕ ಥಾಯ್ಲೆಂಡಿನ ನಾಕೋನ್ ರಾಚಸೀಮಾದಲ್ಲಿ ಇದ್ದೆ. ಅಲ್ಲಿಯವರು ಚಿಕ್ಕದಾಗಿ ಕೊರಾತ್ ಅಂತಾರೆ. ಬ್ಯಾಂಕಾಕಿನಿಂದ ಸುಮಾರು 260 ಕಿಲೋಮೀಟರ್. ಹೆಸರು ನೋಡಿದ್ರಾ, ನಗರ ರಾಜಸೀಮಾ. ಮೊದಲ ದಿನ ಬೋರ್ಡ್ ಓದಿ ಹೇಳಿದಾಗಲೇ ನನಗೆ ಅರ್ಧ ಧೈರ್ಯ ಬಂತು.

ಸುರತ್ಕಲ್‌ನವರು ಹೇಳಿದ್ದು ಪೂರ್ತಿ ಸರಿ. ಪ್ರವಾಸಿಯಾಗಿ ಹೋಗಿ ಕ್ಲಾಸಿಗೆ ಕಾಲಿಟ್ಟರೆ ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಶಾಲೆಯವರು ಪಕ್ಕಕ್ಕೆ ಸರಿಯುತ್ತಾರೆ, ಕಷ್ಟ ನಿಮಗೆ. ಸರಿಯಾದ ದಾರಿ ಅಂದರೆ ನಾನ್-ಇಮಿಗ್ರಂಟ್ ಬಿ ವೀಸಾ, ಆಮೇಲೆ ವರ್ಕ್ ಪರ್ಮಿಟ್, ಜೊತೆಗೆ ಅಲ್ಲಿಯ ಶಿಕ್ಷಕರ ಮಂಡಳಿಯ ಅನುಮತಿ. ಆ ಮಂಡಳಿಯನ್ನು ಖುರುಸಫಾ ಅಂತ ಕರೆಯುತ್ತಾರೆ, ಗುರುಸಭಾ ಅನ್ನುವ ಶಬ್ದವೇ ಅದು. ವೀಸಾಕ್ಕೆ ಬೇಕಾದ ಪತ್ರಗಳನ್ನು ಶಾಲೆಯೇ ಮೊದಲು ಕಳಿಸಬೇಕು. ನಿಮ್ಮ ಕಡೆಯಿಂದ ಡಿಗ್ರಿ ಸರ್ಟಿಫಿಕೇಟಿಗೆ ದೃಢೀಕರಣ ಮತ್ತು ಪೊಲೀಸ್ ಕ್ಲಿಯರೆನ್ಸ್ ಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಹೋದ ಮೇಲೆ 90 ದಿನಕ್ಕೊಮ್ಮೆ ಎಲ್ಲಿದ್ದೇನೆ ಅಂತ ಇಮಿಗ್ರೇಶನ್‌ಗೆ ತಿಳಿಸಬೇಕು, ಮರೆತರೆ ದಂಡ. ಕಾಗದದ ವಿಷಯ ಇಷ್ಟು ಸಾಕು.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ, ಯಾಕೆಂದರೆ ನನಗೂ ಅದೇ ಇತ್ತು.

ಮೇ ಮಧ್ಯದಲ್ಲಿ ಶಾಲೆ ಶುರು. ಅನುಬಾನ್ ಅಂದರೆ ಅಲ್ಲಿಯ ನರ್ಸರಿ, ಒಂದು, ಎರಡು, ಮೂರು ಅಂತ ಮೂರು ವರ್ಷ ಕಲಿಯುವುದು. ನನಗೆ ಸಿಕ್ಕಿದ್ದು ಅನುಬಾನ್ ಒಂದು, ಮೂರು ವರ್ಷದ 30 ಮಕ್ಕಳು. ಮೊದಲ ವಾರ ಎಲ್ಲ ಕಡೆಯಿಂದ ಒಂದೇ ಕೂಗು, "ಹಾ ಮೇ, ಹಾ ಮೇ". ಅಮ್ಮ ಬೇಕು ಅಂತ. ಅದಕ್ಕೆ ಯಾರಾದರೂ ಅರ್ಥ ಹೇಳಬೇಕಾ ಹೇಳಿ? ನಮ್ಮ ಜೂನ್ ತಿಂಗಳಿನ ಎಲ್‌ಕೆಜಿ ಕ್ಲಾಸಿನ ಅಳುವೇ ಅದು. ಗೇಟು ಹಿಡಿದುಕೊಂಡು ಬಿಡದ ಮಗು, ಹೊರಗೆ ಸ್ಕೂಟರ್ ಹತ್ತಿರ ನಿಂತು ಕಣ್ಣೊರೆಸುವ ಅಮ್ಮ, ಮೊಮ್ಮಗನ ಬ್ಯಾಗ್ ಹಿಡಿದುಕೊಂಡು ಕಿಟಕಿಯಲ್ಲಿ ಇಣುಕುವ ಅಜ್ಜಿ. ಇವರನ್ನೆಲ್ಲ ನಾನು ಮಂಗಳೂರಿನಲ್ಲಿ ಆರು ವರ್ಷ ನೋಡಿದ್ದೆ.

ನೀವು ಉಡುಪಿಯ ಟೀಚರ್. ನಿಮ್ಮ ಕ್ಲಾಸಿಗೆ ತುಳು ಮಾತ್ರ ಬರುವ ಮಗು ಬಂದಿಲ್ವಾ? ಬ್ಯಾರಿ ಮಾತ್ರ, ಕೊಂಕಣಿ ಮಾತ್ರ ಬರುವ ಮಗು? ಆ ಮಗುವಿನ ಜೊತೆ ಮೊದಲ ತಿಂಗಳು ನೀವು ಹೇಗಿದ್ದಿರೋ, ಅಲ್ಲಿ 30 ಮಕ್ಕಳ ಜೊತೆ ಹಾಗೇ ಇರಬೇಕು. ಕರಾವಳಿಯ ಟೀಚರಿಗೆ ಈ ಕೆಲಸ ಮೊದಲೇ ಗೊತ್ತುಂಟು. ನನ್ನ ಜೊತೆ ಒಬ್ಬಳು ಇಂಗ್ಲೆಂಡಿನ ಹುಡುಗಿ ಇದ್ದಳು, ತುಂಬಾ ಒಳ್ಳೆಯವಳು, ಆದರೆ ಮಗು ತನ್ನ ಮಾತು ಅರ್ಥ ಮಾಡಿಕೊಳ್ಳದಿರುವುದನ್ನು ಅವಳು ಜೀವನದಲ್ಲಿ ಮೊದಲ ಸಲ ನೋಡಿದ್ದು ಅಲ್ಲಿಯೇ. ಅವಳಿಗೆ ಎರಡು ವಾರ ರಾತ್ರಿ ಅಳು.

ಕ್ಲಾಸಿನಲ್ಲಿ ನೀವು ಒಬ್ಬರೇ ಇರುವುದಿಲ್ಲ. ಥಾಯ್ ಟೀಚರ್ ಒಬ್ಬರು, ಸಹಾಯಕಿ ಒಬ್ಬರು ಇರುತ್ತಾರೆ. ನೀವು ಅವರಿಬ್ಬರ ಜೊತೆ ಚೆನ್ನಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಬೆಳಿಗ್ಗೆ ಗೇಟಿನಲ್ಲಿ ಮಕ್ಕಳ ಅಂಗೈ, ಬಾಯಿ ನೋಡುತ್ತಾರೆ. ಮಳೆಗಾಲದಲ್ಲಿ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಜ್ವರ ಜಾಸ್ತಿ, ಒಂದು ಮಗುವಿಗೆ ಬಂದರೆ ಕ್ಲಾಸನ್ನೇ ಕೆಲವು ದಿನ ಮುಚ್ಚಿ ಆಟದ ಸಾಮಾನೆಲ್ಲ ತೊಳೆಯುತ್ತಾರೆ. 8 ಗಂಟೆಗೆ ಧ್ವಜ, ರಾಷ್ಟ್ರಗೀತೆ. ಆಮೇಲೆ ಪಾಠ, ಹಾಲು. ನಮ್ಮಲ್ಲಿ ಕ್ಷೀರಭಾಗ್ಯ 2013ರಲ್ಲಿ ಬಂತಲ್ಲ, ಅಲ್ಲಿ ಶಾಲೆಯ ಹಾಲು 1992ರಿಂದ ಉಂಟು. 11 ಗಂಟೆಗೆಲ್ಲ ಊಟ, ಸಾಲಾಗಿ ನಿಂತು ಹಲ್ಲುಜ್ಜುವುದು, ಆಮೇಲೆ ಎಲ್ಲರಿಗೂ ನಿದ್ದೆ. ಚಿಕ್ಕ ಚಿಕ್ಕ ಹಾಸಿಗೆ ಸಾಲಾಗಿ ಹಾಸಿ, ಪರದೆ ಎಳೆದು, ಫ್ಯಾನ್ ಹಾಕುತ್ತಾರೆ.

ನಿದ್ದೆಯಿಂದ ಎದ್ದ ಮೇಲಿನ ಅರ್ಧ ಗಂಟೆ ನನಗೆ ಇಡೀ ದಿನದಲ್ಲಿ ತುಂಬಾ ಇಷ್ಟ. ಮುಖ ತೊಳೆದು ಬಂದು ಮಕ್ಕಳು ಸಾಲಾಗಿ ಕೂತುಕೊಳ್ಳುತ್ತವೆ, ಸಹಾಯಕಿ ಅಂಗೈಗೆ ಪೌಡರ್ ಹಾಕಿಕೊಂಡು ಒಂದೊಂದೇ ಮುಖಕ್ಕೆ ಬಳಿಯುತ್ತಾಳೆ. ಸ್ವಲ್ಪ ಅಲ್ಲ, ಕೆನ್ನೆ, ಹಣೆ, ಕುತ್ತಿಗೆ ಎಲ್ಲ ಬೆಳ್ಳಗೆ ಆಗುವಷ್ಟು. ಹೆಣ್ಣುಮಕ್ಕಳಿಗೆ ಜಡೆ ಬೇರೆ. ನಾನೂ ಕೂತು ಜಡೆ ಹಾಕಲು ಶುರು ಮಾಡಿದೆ. ಬಾಚಣಿಗೆ ಹಿಡಿದು ಕೂತರೆ ಯಾವ ಭಾಷೆಯೂ ಬೇಡ, ಮಗು ತಾನಾಗಿ ಬಂದು ಬೆನ್ನು ಕೊಟ್ಟು ಕೂರುತ್ತದೆ. ಮೂರು ವಾರ ನನ್ನ ಹತ್ತಿರ ಬಾರದೆ ಬಾಗಿಲ ಹಿಂದೆ ನಿಲ್ಲುತ್ತಿದ್ದ ಒಂದು ಹುಡುಗಿ, ಒಂದು ಮಧ್ಯಾಹ್ನ ರಬ್ಬರ್ ಬ್ಯಾಂಡ್ ಎರಡು ಹಿಡಿದುಕೊಂಡು ಬಂದು ನನ್ನ ಎದುರು ತಿರುಗಿ ಕೂತಿತು. ಒಂದು ಮಾತಿಲ್ಲ. ಆ ದಿನದಿಂದ ನನ್ನನ್ನು ಬಿಡಲಿಲ್ಲ.

ಪಾಠದ ವಿಷಯ. ಮಾತು ಕಡಿಮೆ, ಮೈ ಜಾಸ್ತಿ. ದಿನಾ ಒಂದೇ ಹಾಡಿನಿಂದ ಶುರು ಮಾಡಿ, ಒಂದೇ ಹಾಡಿನಿಂದ ಮುಗಿಸಿ, ಮಕ್ಕಳಿಗೆ ಈಗ ಎಂತ ಆಗುತ್ತದೆ ಅಂತ ಗೊತ್ತಿದ್ದರೆ ಅಳು ಕಡಿಮೆ. ಒಳಗೆ, ಹೊರಗೆ ಅನ್ನುವ ಇಂಗ್ಲಿಷ್ ಶಬ್ದ ಕಲಿಸಲು ನಾನು ಚಿತ್ರ ತೋರಿಸಿ ತೋರಿಸಿ ಸೋತೆ. ಕೊನೆಗೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ದೊಡ್ಡ ವೃತ್ತ ಎಳೆದು ನಮ್ಮ ಕೆರೆ-ದಡ ಆಡಿಸಿದೆ. ಕೆರೆ ಅನ್ನುವ ಕಡೆ ಇನ್, ದಡ ಅನ್ನುವ ಕಡೆ ಔಟ್. ಹತ್ತು ನಿಮಿಷದಲ್ಲಿ 30 ಮಕ್ಕಳಿಗೂ ಬಂತು. ಆಮೇಲೆ ಪಕ್ಕದ ಕ್ಲಾಸಿನ ಥಾಯ್ ಟೀಚರ್‌ಗಳೂ ಅದನ್ನು ಆಡಿಸಲು ಶುರು ಮಾಡಿದರು.

ಬೇಜಾರಿನ ಸಂಗತಿಯೂ ಹೇಳಬೇಕು. ನನಗಿಂತ ಕಡಿಮೆ ಅನುಭವ ಇದ್ದ ಬಿಳಿಯ ಟೀಚರಿಗೆ ನನಗಿಂತ ಜಾಸ್ತಿ ಸಂಬಳ ಇತ್ತು. ಶಾಲೆಯ ದೊಡ್ಡ ಬ್ಯಾನರಿನಲ್ಲಿ ಬಿಳಿ ಮುಖಗಳು ಮಾತ್ರ ಬಂದವು, ನನ್ನದೂ ಫಿಲಿಪೈನ್ಸ್ ಟೀಚರ್‌ಗಳದ್ದೂ ಇರಲಿಲ್ಲ. ಇದು ಒಂದು ಶಾಲೆಯ ಕಥೆ ಅಲ್ಲ, ತುಂಬಾ ಕಡೆ ಹೀಗೆ. ನನಗೆ ತುಂಬಾ ನೋವಾಗಿತ್ತು, ಈಗಲೂ ಅದು ತಪ್ಪು ಅಂತಲೇ ನಾನು ಹೇಳುವುದು. ಆದ್ದರಿಂದ ಸಂಬಳ ಮೊದಲೇ ಮಾತಾಡಿ, ಏಪ್ರಿಲ್ ರಜೆಗೆ ಸಂಬಳ ಉಂಟಾ ಅಂತ ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ.

ಊಟದ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಮಗಳನ್ನು ಕರೆದುಕೊಂಡು ಬರಬೇಕು.

ಕಾರ್ಕಳದ ಹುಡುಗ:

ನಾನು ಇದ್ದದ್ದು ಜಪಾನಿನಲ್ಲಿ, ನಗೋಯಾ ಹತ್ತಿರ, ಎರಡು ವರ್ಷ. ಅಲ್ಲಿಯೂ ಪುಟ್ಟ ಮಕ್ಕಳೇ. ದೇಶ ಬೇರೆ ಆದರೂ ಒಂದು ವಿಷಯ ಹೇಳಬೇಕು ಅನ್ನಿಸಿತು.

ಬಿಜೈ ಅಕ್ಕ ಹೇಳಿದ ಹಾಗೆ ಮಕ್ಕಳ ಜೊತೆ ಭಾಷೆಯ ತೊಂದರೆ ಬೇಗ ಹೋಗುತ್ತದೆ. ನನಗೆ ಕಷ್ಟ ಆದದ್ದು ದೊಡ್ಡವರ ಜೊತೆ. ಮಕ್ಕಳು ಮನೆಗೆ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಜಪಾನಿಯಲ್ಲಿ ಮಾತಾಡುತ್ತಾರೆ, ನಾನು ಕೂತು ಬಣ್ಣದ ಕಾಗದ ಕತ್ತರಿಸುತ್ತಿದ್ದೆ. ಅಲ್ಲಿ ಪ್ರತಿ ಮಗುವಿಗೆ ಒಂದು ಚಿಕ್ಕ ಪುಸ್ತಕ ಇರುತ್ತದೆ, ರೆನ್ರಾಕುಚೋ ಅಂತ. ಮಗು ಎಷ್ಟು ತಿಂದಿತು, ಮಲಗಿತಾ, ಜ್ವರ ಉಂಟಾ ಅಂತ ಮನೆಯವರು ಬರೆಯುತ್ತಾರೆ, ಟೀಚರ್ ಉತ್ತರ ಬರೆಯುತ್ತಾರೆ. ಎಲ್ಲ ಟೀಚರ್‌ಗಳೂ ಅದನ್ನು ಬರೆಯುವಾಗ ನನಗೆ ಒಂದು ಸಾಲು ಓದಲು ಆಗುತ್ತಿರಲಿಲ್ಲ. ಒಂದು ದಿನ ಒಂದು ಮಗು ಬೆಳಿಗ್ಗೆಯಿಂದ ಸಪ್ಪಗೆ ಇತ್ತು, ನಾನು ಕುಣಿಸಲು ನೋಡಿದೆ. ಹಿಂದಿನ ರಾತ್ರಿ ಅದರ ಅಜ್ಜ ತೀರಿಹೋಗಿದ್ದರು, ಆ ಪುಸ್ತಕದಲ್ಲಿ ಅಮ್ಮ ಬರೆದಿದ್ದರು, ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆಮೇಲೆ ಒಬ್ಬರು ಹಿರಿಯ ಟೀಚರ್ ಹತ್ತಿರ ಕೇಳಿಕೊಂಡೆ, ದಿನಾ ಬೆಳಿಗ್ಗೆ ಐದು ನಿಮಿಷ, ಮುಖ್ಯವಾದದ್ದು ಮಾತ್ರ ನನಗೆ ಹೇಳಿ ಅಂತ. ಅವರು ಎರಡು ವರ್ಷ ಒಂದು ದಿನ ತಪ್ಪಿಸಲಿಲ್ಲ.

ನೀವೂ ಹೋದ ಮೊದಲ ದಿನವೇ ಅಂಥ ಒಬ್ಬರನ್ನು ಹುಡುಕಿಕೊಳ್ಳಿ. ಇನ್ನೊಂದು, ಸಂಜೆಗಳು ತುಂಬಾ ಉದ್ದ. ಆರು ಗಂಟೆಗೆ ರೂಮಿಗೆ ಬಂದರೆ ಮಾತಾಡಲು ಯಾರೂ ಇಲ್ಲ. ನಾನು ಹತ್ತಿರದ ಮೈದಾನದಲ್ಲಿ ಆಡಲು ಹೋಗುತ್ತಿದ್ದೆ, ಅದರಿಂದ ಬದುಕಿದೆ. ಅಮ್ಮನಿಗೆ ದಿನಾ ಫೋನ್ ಮಾಡಿ, ಆದರೆ ಊರಿನ ಫೋನಿನಲ್ಲೇ ಸಂಜೆ ಕಳೆಯಬೇಡಿ.

ಕಾಪು ಬಾಲವಾಡಿ:

ಮಗಾ, ನಾನು ಬಾಲವಾಡಿ, ಅಂಗನವಾಡಿ ಅಂತ 31 ವರ್ಷ ಮಕ್ಕಳ ಜೊತೆ ಇದ್ದವಳು. ವಿದೇಶ ನೋಡಿಲ್ಲ. ಮೊಮ್ಮಗ ಇದನ್ನು ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ.

ನನ್ನ ಕೊನೆಯ ವರ್ಷಗಳಲ್ಲಿ ಬೋಟಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ದೂರದಿಂದ ಬಂದವರ ಮಕ್ಕಳು ಬರುತ್ತಿದ್ದವು. ಕೆಲವಕ್ಕೆ ಹಿಂದಿ, ಕೆಲವಕ್ಕೆ ಒಡಿಯಾ, ಕೆಲವಕ್ಕೆ ಯಾವ ಭಾಷೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮಕ್ಕಳ ಅಮ್ಮಂದಿರ ಹತ್ತಿರ ನಾನು ಐದು ಶಬ್ದ ಕೇಳಿ ಗೋಡೆಯಲ್ಲಿ ಬರೆದಿಡುತ್ತಿದ್ದೆ. ನೀರು, ಹಸಿವು, ನೋವು, ಒಂದಕ್ಕೆ, ಅಮ್ಮ. ಈ ಐದು ಗೊತ್ತಿದ್ದರೆ ಮಗು ನಿನ್ನನ್ನು ನಂಬುತ್ತದೆ. ಬಣ್ಣದ ಹೆಸರು, ಹಣ್ಣಿನ ಹೆಸರು ಎಲ್ಲ ಆಮೇಲೆ. ನೀನೂ ಮೊದಲು ಅದನ್ನೇ ಕಲಿ. ಮತ್ತೆ ಅಮ್ಮನ ಬಳೆ ಅಡವಿಡಬೇಡ ಮಗಾ.

ಬ್ರಹ್ಮಾವರದ ಟೀಚರ್:

ಓದುತ್ತಾ ಓದುತ್ತಾ ಕಣ್ಣು ತುಂಬಿತು. ಎಲ್ಲರಿಗೂ ಥ್ಯಾಂಕ್ಸ್. ನನ್ನ ಎರಡನೇ ವರ್ಷ ಬ್ಯಾರಿ ಮಾತ್ರ ಬರುವ ಒಂದು ಹುಡುಗ ಇದ್ದ, ಅವನ ಅಕ್ಕ ಮೂರನೇ ಕ್ಲಾಸಿನಲ್ಲಿದ್ದಳು, ಅವಳನ್ನು ಕರೆದು ಕರೆದು ಕೇಳುತ್ತಿದ್ದೆ. ಅದನ್ನೇ ಅಲ್ಲಿಯೂ ಮಾಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಏಜೆಂಟ್ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿ ಇಲ್ಲ. ಶಾಲೆಯ ಹೆಸರು ಕೇಳಿದೆ, ದುಡ್ಡು ಕಟ್ಟಿದ ಮೇಲೆ ಹೇಳುತ್ತೇವೆ ಅಂದರು. ಇವರನ್ನು ಬಿಟ್ಟೆ.

ಆದರೆ ಹೋಗುವ ಆಸೆ ಬಿಟ್ಟಿಲ್ಲ. ಮೇ ತಿಂಗಳಿನ ಅವಧಿಗೆ ನಾನೇ ಶಾಲೆಗಳಿಗೆ ಬರೆಯುತ್ತೇನೆ. ಬಿಜೈ ಅಕ್ಕ, ಕಾಪು ಅಮ್ಮ ಹೇಳಿದ ಐದು ಶಬ್ದ ಥಾಯ್‌ನಲ್ಲಿ ಹೇಳ್ತೀರಾ? ಊಟ ಹೇಗೆ? ಬೊಟ್ಟು ಇಟ್ಟುಕೊಂಡು ಹೋದರೆ ಎಂತಾದರೂ ಹೇಳುತ್ತಾರಾ?

ಬಿಜೈ ಅಕ್ಕ:

ಏಜೆಂಟನ್ನು ಬಿಟ್ಟದ್ದು ಓದಿ ಸಮಾಧಾನ ಆಯ್ತು.

ನೀರು ಅಂದರೆ ನಾಮ್. ಹಸಿವು, ಹಿವ್. ನೋವು, ಜೆಪ್. ಅಮ್ಮ, ಮೇ. ಒಂದಕ್ಕೆ ಬಂದಿದೆ ಅನ್ನುವುದಕ್ಕೆ ಮಕ್ಕಳು ಪುವತ್ ಛೀ ಅನ್ನುತ್ತವೆ, ಇದನ್ನು ಮಾತ್ರ ಮೊದಲ ದಿನವೇ ಬಾಯಿಪಾಠ ಮಾಡಿ, ಅರ್ಥ ಆಗುವಷ್ಟರಲ್ಲಿ ತಡ ಆಗಿರುತ್ತದೆ. ಶಬ್ದಗಳಿಗೆ ಏರಿಳಿತ ಉಂಟು, ಬರೆದು ಹೇಳಲು ಆಗುವುದಿಲ್ಲ, ಯಾರಾದರೂ ಹೇಳುವುದನ್ನು ಕೇಳಿ ಕಲಿಯಬೇಕು. ಇನ್ನೊಂದು, ಕಿನ್ ಖಾವ್ ರೂ ಯಂಗ್. ಅನ್ನ ತಿಂದ್ಯಾ ಅಂತ. ನಾವು ದಾರಿಯಲ್ಲಿ ಸಿಕ್ಕಿದವರಿಗೆ "ವಣಸ್ ಆಂಡಾ" ಅಂತ ಕೇಳುತ್ತೇವಲ್ಲ, ಅಲ್ಲಿಯೂ ಹಾಗೇ.

ಊಟ ನಿಮಗೆ ಸ್ವಲ್ಪ ಕಷ್ಟ. ತರಕಾರಿ ಪಲ್ಯ ಅಂತ ಕೊಟ್ಟರೂ ಅದಕ್ಕೆ ನಾಮ್ ಪ್ಲಾ ಅಂದರೆ ಮೀನಿನ ಸಾಸ್ ಹಾಕಿರುತ್ತಾರೆ. "ಕಿನ್ ಜೇ" ಅಂತ ಹೇಳಬೇಕು, ಆಗ ಮೀನು, ಮಾಂಸ, ಮೊಟ್ಟೆ ಏನೂ ಹಾಕುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲ. ಹಳದಿ ಬಣ್ಣದ ಜೇ ಬಾವುಟ ಇರುವ ಅಂಗಡಿ ನೋಡಿ. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಹಲಸು ಎಲ್ಲ ಸಿಗುತ್ತದೆ. ಒಂದು ಚಿಕ್ಕ ಕುಕ್ಕರ್ ಮತ್ತು ಮನೆಯ ಮೆಣಸಿನಕಾಯಿ ಹುಡಿ ಕೊಂಡುಹೋಗಿ. ಜ್ವರ ಬಂದಾಗ ಗಂಜಿ ನಾನೇ ಮಾಡಿಕೊಳ್ಳುತ್ತಿದ್ದೆ, ಮಾವಿನ ಮಿಡಿ ಉಪ್ಪಿನಕಾಯಿ ಅಮ್ಮ ಕಳಿಸಿದ್ದು.

ಬೊಟ್ಟು. ಮೊದಲ ವಾರ ನಾನು ಕೆಂಪು ಬೊಟ್ಟು ಇಟ್ಟುಕೊಂಡು ಹೋಗಿದ್ದೆ. ಒಂದು ಚಿಕ್ಕ ಹುಡುಗ ಹತ್ತಿರ ಬಂದು ಹಣೆ ನೋಡಿ "ಜೆಪ್ ಮೈ?" ಅಂತ ಕೇಳಿದ. ನೋವಾಗ್ತದಾ ಅಂತ. ನನಗೆ ಅರ್ಥ ಆಗಲಿಲ್ಲ, ಸುಮ್ನೆ ನಕ್ಕೆ. ಅವನು ಸಹಾಯಕಿಯ ಹತ್ತಿರ ಹೋಗಿ ಹತ್ತಿ ಕೇಳಿ ತಂದು ನನ್ನ ಬೊಟ್ಟಿನ ಮೇಲೆ ಮೆತ್ತಗೆ ಒತ್ತಿ ಹಿಡಿದ. ನಿಮ್ಮನ್ನು ಯಾರೂ ಏನೂ ಹೇಳುವುದಿಲ್ಲ, ಇಟ್ಟುಕೊಂಡೇ ಹೋಗಿ.

ನೀವು ಮೇ ತಿಂಗಳಲ್ಲಿ ಹೋದರೆ ಜೂನ್‌ನಲ್ಲಿ ವೈ ಖ್ರೂ ಸಿಗುತ್ತದೆ. ಖ್ರೂ ಅಂದರೆ ಗುರು. ಮಕ್ಕಳು ಟೀಚರ್‌ಗೆ ನಮಸ್ಕಾರ ಮಾಡುವ ದಿನ, ಅದನ್ನು ಗುರುವಾರವೇ ಮಾಡುವುದು ಅಲ್ಲಿಯ ಕ್ರಮ. ಬಾಳೆಎಲೆಯಲ್ಲಿ ಕಟ್ಟಿದ ಹೂವಿನ ತಟ್ಟೆ ಹಿಡಿದು ಮೊಣಕಾಲಿನಲ್ಲಿ ಬರುತ್ತವೆ. ಅದರಲ್ಲಿ ಎಂತ ಇರಬೇಕು ಗೊತ್ತುಂಟಾ? ಕೇಪಳ ಹೂ, ಗರಿಕೆ, ಬದನೆ ಹೂ. ಕೇಪಳದ ಮೊಗ್ಗು ಸೂಜಿಯ ಹಾಗೆ, ಬುದ್ಧಿ ಹಾಗೆ ಚೂಪಾಗಲಿ ಅಂತ. ಗರಿಕೆ ತುಳಿದರೂ ಹಬ್ಬುತ್ತದೆ. ಬದನೆ ಹೂ ತಲೆ ತಗ್ಗಿಸಿಕೊಂಡಿರುತ್ತದೆ. ನಮ್ಮ ಗುಡ್ಡೆಯ ಕೇಪಳ, ನಮ್ಮ ಗಣಪತಿಯ ಗರಿಕೆ. ನಾನು ಅಲ್ಲಿ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಮೂರು ವರ್ಷದ ಮಗುವಿಗೆ ಅಷ್ಟು ಹೊತ್ತು ತಟ್ಟೆ ಹಿಡಿಯಲು ಆಗುವುದಿಲ್ಲ, ನನ್ನ ಹತ್ತಿರ ಬರುವಾಗ ಅರ್ಧ ಹೂ ನೆಲದಲ್ಲಿ, ರಬ್ಬರ್ ಬ್ಯಾಂಡ್ ಹುಡುಗಿ ಅದನ್ನೆಲ್ಲ ಹೆಕ್ಕುತ್ತಾ ಹಿಂದಿನಿಂದ ಬರುತ್ತಿತ್ತು.

ಬ್ರಹ್ಮಾವರದ ಟೀಚರ್:

ಅಕ್ಕ, ನಾಳೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಬಸ್ಸಿಗೆ ಮಂಗಳೂರಿಗೆ ಹೋಗಿ ಪೊಲೀಸ್ ಕ್ಲಿಯರೆನ್ಸ್‌ಗೆ ಎಂತೆಲ್ಲ ಬೇಕು ಅಂತ ಕೇಳಿಕೊಂಡು ಬರುತ್ತೇನೆ. ಅಮ್ಮ ಈಗಲೇ ಮಿಡಿ ಉಪ್ಪಿನಕಾಯಿ ಎಷ್ಟು ದಿನ ಇರುತ್ತದೆ ಅಂತ ಲೆಕ್ಕ ಹಾಕುತ್ತಿದ್ದಾರೆ. ಶಾಲೆಗಳಿಂದ ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ, ಕರಾರು ಬಂದರೆ ಸಹಿ ಹಾಕುವ ಮೊದಲು ನಿಮಗೆ ಒಮ್ಮೆ ತೋರಿಸಬಹುದಾ?

ಬಿಜೈ ಅಕ್ಕ:

ಖಂಡಿತ ತೋರಿಸಿ. ಏಪ್ರಿಲ್ ಸಂಬಳದ ಸಾಲು ಮೊದಲು ನೋಡೋಣ.